ಕೂಲಿಯೋ, ಕೃಪೆಯೋ?

ರೋಮಾಪುರದವರಿಗೆ 4ನೇ ಅಧ್ಯಾಯ, 4 ಮತ್ತು 5ನೇ ವಚನ ತೆಗೀರಿ. ಮೊಬೈಲ್‌ನಲ್ಲಿ ಓದೋರು ವಾಟ್ಸಾಪ್ ಸ್ವಲ್ಪ ಬಂದ್ ಮಾಡ್ರಿ.

ಪೌಲನು ಇಲ್ಲಿ ಕೂಲಿ ಬಗ್ಗೆ ಮಾತಾಡ್ತಾನೆ. ಕೂಲಿ ಅಂದ್ರೆ ಏನಂತ ನಿಪ್ಪಾಣಿಯವರಿಗೆ ಯಾರೂ ಕಲಿಸೋದು ಬೇಡ. ನಿಮ್ಮಲ್ಲಿ ಎಷ್ಟೋ ಜನರ ಅಜ್ಜಿ, ಅವ್ವ ಮೊರ ತೊಡೆ ಮೇಲಿಟ್ಟುಕೊಂಡು ಬೀಡಿ ಸುತ್ತಿದವರು. ಲೆಕ್ಕ ಸಾವಿರ ಬೀಡಿಗೆ. ದಿನವಿಡೀ ಕೂತು ಸುತ್ತಿದರೂ, ಎಣಿಸೋವಾಗ ಸರಿಯಿಲ್ಲ ಅಂತ ಪಕ್ಕಕ್ಕೆ ಹಾಕಿದ್ದಕ್ಕೆ ಕೂಲಿ ಇಲ್ಲ. ಕೈಗೆ ಬಂದ ಹಣವೂ ಮಾಲೀಕನ ದಯೆ ಅಲ್ಲ, ಅವ್ವನ ದುಡಿಮೆ.

ನಾವು ದೇವರನ್ನೂ ಹಂಗೇ ಅಂದ್ಕೊಂಡೀವಿ, ಎದುರಿಗೆ ಕೂತು ಎಣಿಸೋನು ಅಂತ. ಈ ವಾರ ಎಷ್ಟು ಉಪವಾಸ? ದಶಮಾಂಶ ಕೊಟ್ಟೆಯಾ? ಬೈಬಲ್ ಆ್ಯಪ್‌ನ ಸ್ಟ್ರೀಕ್ ಮುರೀತಾ? ಕಿವಿಯೋಲೆ ಹಾಕಿದ ತಂಗಿಯನ್ನ ನೋಡಿ, ಇವಳು ರಕ್ಷಣೆ ಹೊಂದಿದ್ದಾಳೋ ಇಲ್ಲೋ ಅಂತ ಪಿಸುಗುಟ್ಟೋರೂ ಇದ್ದಾರೆ. ಸಭೆಗೆ ಶಿಸ್ತು ಬೇಕು, ನಾನೂ ಹೇಳ್ತೀನಿ. ಆದರೆ ಅದನ್ನೇ ರಕ್ಷಣೆಯ ಬೆಲೆ ಮಾಡಿದರೆ ಅದು ಸುವಾರ್ತೆ ಅಲ್ಲ. ಗಲಾತ್ಯದ ಸಭೆಗಳಿಗೆ ಪೌಲನು ಅಷ್ಟು ಖಾರವಾಗಿ ಬರೆದದ್ದು ಇದಕ್ಕೇ.

ಅಬ್ರಹಾಮನನ್ನು ನೋಡ್ರಿ. ಆದಿಕಾಂಡ 15ರಲ್ಲಿ ಅವನು ನಂಬಿದ, ದೇವರು ಅದನ್ನೇ ನೀತಿ ಅಂತ ಎಣಿಸಿದನು. ಇಷ್ಮಾಯೇಲ ಹುಟ್ಟಿದಾಗ ಅವನಿಗೆ 86 ವರ್ಷ, ಸುನ್ನತಿಯಾದಾಗ 99. ಅಂದ್ರೆ ಕನಿಷ್ಠ 13 ವರ್ಷ ಮೈಮೇಲೆ ಯಾವ ಗುರುತೂ ಇಲ್ಲದೆ ಅಬ್ರಹಾಮನು ದೇವರ ಮುಂದೆ ನೀತಿವಂತ! ಹಲ್ಲೆಲೂಯ!

"ಹಂಗಾದ್ರೆ ನಂಬಿಕೆ ಜಾಸ್ತಿ ಮಾಡ್ಕೋಬೇಕಾ ಪಾಸ್ಟರ್?" ಅಂತ ಕೇಳ್ತೀರಿ. ನೋಡ್ರಿ, ನಂಬಿಕೆಯನ್ನೂ ಇನ್ನೊಂದು ಸಾವಿರ ಬೀಡಿ ಮಾಡಿಬಿಟ್ರಿ! ನಂಬಿಕೆ ಅಂದ್ರೆ ಬರಿಗೈ ಚಾಚೋದು. ಬೆಲೆ ಇಲ್ಲ ಅಂತಲ್ಲ. ಆ ಬೆಲೆ ಶಿಲುಬೆಯ ಮೇಲೆ ಯೇಸು ಕೊಟ್ಟಾಗಿದೆ. ಹಾಗಾದರೆ ಪಾಪ ಮಾಡ್ತಾ ಇರಬಹುದಾ ಅನ್ನೋರಿಗೆ 6ನೇ ಅಧ್ಯಾಯ ಇದೆ, ಮುಂದಿನ ಭಾನುವಾರ ಓದೋಣ.

ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದಿಂದ ಪುಣೆ, ಬೆಂಗಳೂರಿಗೆ ಕೆಲಸಕ್ಕೆ ಹೋಗಿ, ಅಲ್ಲಿ ಬಿದ್ದು, ತಿಂಗಳುಗಟ್ಟಲೆ ಪ್ರಾರ್ಥನೆ ಬಿಟ್ಟವರೂ ಇದನ್ನ ಆನ್‌ಲೈನ್‌ನಲ್ಲಿ ಕೇಳ್ತಿದ್ದೀರಿ. ಮೊದಲು ಎಲ್ಲಾ ಸರಿ ಮಾಡ್ಕೊಂಡು ಆಮೇಲೆ ಸಭೆಗೆ ಬರ್ತೀನಿ ಅಂದ್ಕೊಂಡೀರಿ. 5ನೇ ವಚನ ಇನ್ನೊಮ್ಮೆ ಓದ್ರಿ. ದೇವರು ನೀತಿವಂತರು ಅಂತ ಎಣಿಸೋದು ಯಾರನ್ನ? ಭಕ್ತಿಯಲ್ಲಿ ಫಸ್ಟ್ ಬಂದವರನ್ನಲ್ಲ, ಭಕ್ತಿಯೇ ಇಲ್ಲದವರನ್ನ! ಬಾಕಿ ಇರೋವಾಗಲೇ ಬರ್ರಿ. ಇರೋ ಜಾಗದಲ್ಲೇ ಕಣ್ಣು ಮುಚ್ರಿ, ನಿಮಗಾಗಿ ಈಗ ಪ್ರಾರ್ಥನೆ ಮಾಡ್ತೀನಿ.