ಪರೀಕ್ಷಕನ ಧರ್ಮ

ತೂಕದ ಕಲ್ಲನ್ನು ಪರೀಕ್ಷಿಸತಕ್ಕವನು ವರ್ತಕನಿಗೇ ಅಧೀನನಾಗಿದ್ದರೆ ಕೊಳ್ಳುವವರಿಗೆ ನಂಬಿಕೆ ಹುಟ್ಟುವುದೆಂತು? ಪರಮಾಣು ವಿದ್ಯುತ್ತಿನ ವಿಷಯದಲ್ಲಿ ಈ ಪ್ರಶ್ನೆಯು ಇನ್ನೂ ಗುರುತರವಾದುದು.

ಉತ್ತರ ಕನ್ನಡದ ಕೈಗಾದಲ್ಲಿ 1994ನೆಯ ಮೇ 13ರಂದು, ಕಟ್ಟುತ್ತಿದ್ದ ಸ್ಥಾವರವೊಂದರ ಒಳಗುಮ್ಮಟದ ಕಾಂಕ್ರೀಟು ಕಳಚಿ ಬಿದ್ದಿತು. ಇಂಧನವನ್ನು ಇನ್ನೂ ತುಂಬಿರಲಿಲ್ಲವಾದ್ದರಿಂದ ವಿಕಿರಣದ ಅಪಾಯವುಂಟಾಗಲಿಲ್ಲ. ತಜ್ಞರ ವಿಚಾರಣೆಯಾಗಿ, ವಿನ್ಯಾಸವನ್ನು ತಿದ್ದಿ, ಗುಮ್ಮಟವನ್ನು ಮತ್ತೆ ಕಟ್ಟಲಾಯಿತು.

ಇಂತಹ ಸ್ಥಾವರಗಳ ಸುರಕ್ಷತೆಯನ್ನು ನೋಡಿಕೊಳ್ಳಲು 1983ರಲ್ಲಿ ಸ್ಥಾಪಿತವಾದ ನಿಯಂತ್ರಣ ಮಂಡಲಿಯು ಅಂದು ಉತ್ತರ ಹೇಳಬೇಕಾಗಿದ್ದುದು ಪರಮಾಣು ಶಕ್ತಿ ಆಯೋಗಕ್ಕೆ. ಸ್ಥಾವರಗಳನ್ನು ನಡೆಯಿಸುವ ಇಲಾಖೆಯ ಕಾರ್ಯದರ್ಶಿಯೇ ಆ ಆಯೋಗದ ಅಧ್ಯಕ್ಷ. 2012ರಲ್ಲಿ ಮಹಾಲೇಖಪಾಲರ ವರದಿಯೂ ಮಂಡಲಿಗೆ ಶಾಸನದ ಬಲ ಸಾಲದೆಂದು ಆಕ್ಷೇಪಿಸಿತು.

ಅಧಿಕಾರಿಗಳು ಸತ್ಯಸಂಧರೇ ಆಗಿರಬಹುದು. ಆದರೂ ಸತ್ಯವನ್ನು ನುಡಿಯುವುದಕ್ಕೆ ಅಸಾಧಾರಣ ಧೈರ್ಯ ಬೇಕಾಗುವಂತಹ ವ್ಯವಸ್ಥೆಯು ಧರ್ಮಸಮ್ಮತವಲ್ಲ. ನೆರೆಯ ಹಳ್ಳಿಯವನಿಗೆ ಗುಮ್ಮಟವನ್ನು ಪರೀಕ್ಷಿಸುವ ವಿದ್ಯೆಯಿಲ್ಲ. ಅವನು ನಂಬಿ ಮಲಗಬೇಕು. ಆ ನಂಬಿಕೆಗೆ ಋಣಿಯಾಗಿರುವುದೇ ಪರೀಕ್ಷಕನ ಧರ್ಮ.