ಚಾವಡಿಯ ಕೋವಿ

ನಾನು ಸುಳ್ಯದ ಈ ಮನೆಗೆ ಸೊಸೆಯಾಗಿ ಬಂದಾಗ ಚಾವಡಿಯ ಗೋಡೆಯಲ್ಲಿ ಕೇಪಿನ ಕೋವಿಯೊಂದು ತೂಗುತ್ತಿತ್ತು. ಮಾವ ಅದಕ್ಕೆ ಎಣ್ಣೆ ಒರೆಸುತ್ತಾ ಹಳೆಯ ಬೇಟೆಯ ಕಥೆ ಹೇಳುತ್ತಿದ್ದರು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು ಬೇಟೆಗೆ ಕಡಿವಾಣ ಬಿತ್ತು. ಕೋವಿ ಮಾತ್ರ ಬೆಳೆ ರಕ್ಷಣೆಯ ಪರವಾನಗಿಯಲ್ಲಿ ಉಳಿಯಿತು. ಪುತ್ತೂರು, ಕಡಬದ ತೋಟದ ಮನೆಗಳಲ್ಲೂ ಹೀಗೆಯೇ. ಆಯುಧಪೂಜೆಗೆ ಹೂ ಮುಡಿಯುವ ಕೋವಿ ಚುನಾವಣೆ ಬಂದರೆ ಠಾಣೆಗೆ ಹೋಗಿ ಕೂರುತ್ತದೆ.

ಒಮ್ಮೆ ಮಾವ ಹೊಡೆದ ಮಂಗದ ಎದೆಗೆ ಮರಿ ಅಂಟಿಕೊಂಡಿತ್ತು. ನಾನು ಅತ್ತೆ, ಆದರೆ ರಾತ್ರಿ ಉಂಡೆ. ಆ ಅನ್ನಕ್ಕೆ ದುಡ್ಡು ಬಂದದ್ದು ಅದೇ ತೋಟದಿಂದ. ಕೋವಿ ಹಿಡಿಯದ ನನ್ನ ಕೈ ಶುದ್ಧವೆಂದು ಎಷ್ಟು ವರ್ಷ ನಂಬಿದ್ದೆ!

ಮಾವನ ನಂತರ ನಮ್ಮವರೂ ಹೋದರು. "ಕೋವಿ ಒಪ್ಪಿಸಿಬಿಡೋಣವೇ ಅಮ್ಮ?" ಎಂದ ಮಗ. ಒಪ್ಪಿಸಿದರೆ ನೆರೆಮನೆಯವರನ್ನು ಕರೆದು ಹೊಡೆಸುತ್ತೇವೆ, ಅಷ್ಟೇ. ಪರವಾನಗಿಯನ್ನು ನನ್ನ ಹೆಸರಿಗೇ ಮಾಡಿಸಿಕೊಂಡೆ. ಚೆರೆ ಹಾಕುವುದಿಲ್ಲ, ಬರೀ ಮದ್ದಿನ ಸದ್ದು. ಮಂಗಗಳು ನಾಲ್ಕು ದಿನ ಹೆದರಿ ಐದನೆಯ ದಿನ ಬರುತ್ತವೆ. ಬೊಂಡ ಉದುರಿದಾಗ ಸಿಟ್ಟು ಬರುತ್ತದೆ, ಕೈ ಚೆರೆಯ ಡಬ್ಬಿಯತ್ತ ಹೋಗುತ್ತದೆ. ಮಾವನ ಮೇಲಿದ್ದ ಮುನಿಸು ಮಾತ್ರ ಈಗಿಲ್ಲ.