ಕೋರಾ ಬಟ್ಟೆಯ ತೇಪೆ



ನಿಮ್ಮ ಮನೆಯಲ್ಲಿ ಸೂಜಿದಾರದ ಡಬ್ಬಿ ಎಲ್ಲಿದೆ? ಹಳೆಯ ಬಿಸ್ಕತ್ತಿನ ಡಬ್ಬಿಯೋ, ಮಿಠಾಯಿಯ ಪೆಟ್ಟಿಗೆಯೋ, ಅಂತೂ ಒಂದು ಇದ್ದೇ ಇರುತ್ತದೆ. ಅದರೊಳಗೆ ಯಾವ ಅಂಗಿಯವೆಂದು ಯಾರಿಗೂ ನೆನಪಿಲ್ಲದ ನಾಲ್ಕಾರು ಗುಂಡಿಗಳು, ತುಕ್ಕು ಹಿಡಿದ ಒಂದು ಸೂಜಿ, ಗಂಟುಬಿದ್ದ ಕಪ್ಪು ದಾರ. ಈ ವಾರ ಆ ಡಬ್ಬಿಯನ್ನು ಮುಂದಿಟ್ಟುಕೊಂಡು ಈ ಪುಟ ಓದಿರೆಂದು ಕೇಳಿಕೊಳ್ಳುತ್ತೇನೆ. ಗಂಡಸರು ಪುಟ ತಿರುವಬೇಡಿ. ಗುರುಮಠದಲ್ಲಿ ತತ್ವಶಾಸ್ತ್ರಕ್ಕಿಂತ ಮೊದಲು ನಾವು ಕಲಿತದ್ದು ಉದುರಿದ ಗುಂಡಿಯನ್ನು ಹಾಕಿಕೊಳ್ಳುವುದನ್ನು. ಎರಡರಲ್ಲಿ ಯಾವುದು ಹೆಚ್ಚು ಉಪಯೋಗಕ್ಕೆ ಬಂತೆಂದು ಮಾತ್ರ ಕೇಳಬೇಡಿ.

ನಮ್ಮ ಧರ್ಮಕೇಂದ್ರದಲ್ಲಿ ಭಾನುವಾರದ ಎರಡನೆಯ ಬಲಿಪೂಜೆ ಮುಗಿದ ಮೇಲೆ ಕೆಲವು ತಾಯಂದಿರು ಧರ್ಮೋಪದೇಶದ ಕೊಠಡಿಯಲ್ಲಿ ಬಟ್ಟೆಗಂಟು ಬಿಚ್ಚಿ ಕೂರುತ್ತಾರೆ. ಇದು ಸಂಘವಲ್ಲ. ಅಧ್ಯಕ್ಷರಿಲ್ಲ, ಚಂದಾ ಇಲ್ಲ, ವರದಿ ಓದುವವರಿಲ್ಲ. ಮಳೆ ನಿಲ್ಲಲೆಂದು ಕಾಯುತ್ತಿದ್ದ ಮೂವರಲ್ಲಿ ಒಬ್ಬರು ಇನ್ನೊಬ್ಬರ ರವಿಕೆಯ ತೋಳನ್ನು ನೋಡಿ, "ಇದು ಕಂಕುಳಲ್ಲಿ ಎಳೀತಿದೆಯಲ್ಲಕ್ಕ, ಒಳಗೆ ಬಟ್ಟೆ ಬಿಟ್ಟಿದ್ದಾರಾ ನೋಡೋಣ" ಎಂದದ್ದೇ ಆರಂಭ. ಈಗ ಹತ್ತು ಹನ್ನೆರಡು ಮಂದಿ ಸೇರುತ್ತಾರೆ. ಮಗಳ ಶಾಲೆಯ ಲಂಗದ ಮಡಿಕೆ ಬಿಚ್ಚಿ ಎರಡು ಬೆರಳು ಉದ್ದ ಮಾಡುವುದು, ಅಂಚು ಸವೆದ ಕಾಲರನ್ನು ಬಿಚ್ಚಿ ತಿರುಗಿಸಿ ಹೊಲಿಯುವುದು, ಹರಿದ ಸೀರೆಯಿಂದ ಮಗುವಿಗೆ ಹಾಸಿಗೆ ಹೊದಿಕೆ ಮಾಡುವುದು, ಹೀಗೆ ಕೈಯಿಂದ ಕೈಗೆ ವಿದ್ಯೆ ಸಾಗುತ್ತದೆ. ಯಂತ್ರದಲ್ಲಿ ಹೊಲಿಯುವಾಗ ಬಟ್ಟೆಯ ಕೆಳಗೆ ದಾರ ಗೊಂಚಲುಗಟ್ಟಿದರೆ ಎಲ್ಲರೂ ಕೆಳಗಿನ ಬಾಬಿನ್ನನ್ನು ಬೈಯುತ್ತಾರಂತೆ. ಬಹಳ ಸಲ ತಪ್ಪು ಇರುವುದು ಮೇಲಿನ ದಾರವನ್ನು ಪೋಣಿಸಿದ್ದರಲ್ಲಿ. ಜಿಪ್ಪು ಬಿಗಿಯಾಗಿ ಓಡದಿದ್ದರೆ ಅದರ ಹಲ್ಲುಗಳಿಗೆ ಮೇಣದ ಬತ್ತಿ ಉಜ್ಜಬೇಕು. ದೇವಪೀಠದ ಮೋಟು ಮೇಣದ ಬತ್ತಿಗಳು ಎಲ್ಲಿ ಮಾಯವಾಗುತ್ತಿವೆ ಎಂದು ನಮ್ಮ ಉಪದೇಶಿಯವರು ತಲೆ ಕೆಡಿಸಿಕೊಂಡಿದ್ದರು. ಉತ್ತರ ಆ ಕೊಠಡಿಯಲ್ಲಿತ್ತು.

ಅಲ್ಲಿಗೆ ನಾನು ಮೊದಲ ಸಲ ಹೋದದ್ದು ಉಪದೇಶ ಕೊಡುವುದಕ್ಕಲ್ಲ. ನನ್ನ ಬಿಳಿಯ ನಿಲುವಂಗಿ ಬೈಕಿಗೆ ಸಿಕ್ಕಿಕೊಂಡು ಮೊಣಕಾಲಿನ ಹತ್ತಿರ ಹರಿದಿತ್ತು. ಅಂಗಡಿಯಿಂದ ಅದೇ ಬಣ್ಣದ ಹೊಸ ಹತ್ತಿಬಟ್ಟೆಯ ತುಂಡನ್ನು ತಂದು, "ಇದನ್ನು ಹಾಕಿ ಒಂದು ತೇಪೆ ಕೊಡಿ" ಎಂದೆ. ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಆ ತುಂಡನ್ನು ಬೆರಳುಗಳ ನಡುವೆ ಉಜ್ಜಿ ನೋಡಿ ನಕ್ಕರು. "ಸ್ವಾಮಿ, ಇದು ಕೋರಾ ಬಟ್ಟೆ. ನೀರು ಕಂಡಿಲ್ಲ. ಇವತ್ತು ಹೊಲಿದರೆ ಚೆನ್ನಾಗೇ ಕಾಣುತ್ತೆ. ಮೊದಲ ಸಲ ಒಗೆದಾಗ ಕುಗ್ಗುತ್ತೆ, ಸುತ್ತ ಇರೋ ಹಳೇ ಬಟ್ಟೇನೂ ಎಳಕೊಂಡು ಹರಿಯುತ್ತೆ. ರಾತ್ರಿ ನೆನೆಹಾಕಿ, ಬಿಸಿಲಲ್ಲಿ ಒಣಗಿಸಿ ತನ್ನಿ."

ಪ್ರಿಯರೇ, ಮಾರ್ಕನ ಶುಭಸಂದೇಶದ ಎರಡನೆಯ ಅಧ್ಯಾಯ, ಇಪ್ಪತ್ತೊಂದನೆಯ ವಚನವನ್ನು ನಾನು ಗುರುಮಠದಲ್ಲಿ ವ್ಯಾಖ್ಯಾನಗಳ ಸಹಿತ ಓದಿದ್ದೇನೆ. ಹಳೆಯ ಉಡುಪಿಗೆ ಹೊಸ ಬಟ್ಟೆಯ ತೇಪೆ ಹಾಕಿದರೆ ಹರಕು ಇನ್ನೂ ದೊಡ್ಡದಾಗುತ್ತದೆ ಎಂದು ಯೇಸುಸ್ವಾಮಿ ಅಲ್ಲಿ ಹೇಳುತ್ತಾರೆ. ಅವರು ತಂದ ಹೊಸತನ ಹಳೆಯ ಚೌಕಟ್ಟಿನೊಳಗೆ ಹಿಡಿಸದು ಎಂಬ ಅರ್ಥವನ್ನು ಎಷ್ಟೋ ಪ್ರವಚನಗಳಲ್ಲಿ ವಿವರಿಸಿದ್ದೇನೆ. ಆದರೆ ಬಟ್ಟೆ ಏಕೆ ಹರಿಯುತ್ತದೆ ಎಂಬುದು ನನಗೆ ಆ ದಿನದವರೆಗೆ ಗೊತ್ತಿರಲಿಲ್ಲ! ಅದು ಸ್ವಾಮಿಗೆ ಗೊತ್ತಿತ್ತು. ನಜರೇತಿನ ಮನೆಯಲ್ಲಿ ಮರಿಯಮ್ಮನವರು ಸೂಜಿ ಹಿಡಿದದ್ದನ್ನು ನೋಡಿ ಬೆಳೆದ ಮಗನ ಮಾತು ಅದೆಂದು ನನಗನ್ನಿಸುತ್ತದೆ.

ಆ ತುಂಡನ್ನು ಬಕೆಟ್ಟಿನಲ್ಲಿ ನೆನೆಹಾಕಿದ ರಾತ್ರಿ ನನಗೆ ಒಂದು ಮನೆಯ ನೆನಪಾಯಿತು. ಹಿಂದೆ ಬೇರೊಂದು ಧರ್ಮಕೇಂದ್ರದಲ್ಲಿದ್ದಾಗ ಮಾತು ಬಿಟ್ಟಿದ್ದ ದಂಪತಿಗಳಿಬ್ಬರು ನನ್ನ ಬಳಿಗೆ ಬಂದಿದ್ದರು. ಆಗ ನಾನು ಅಭಿಷೇಕವಾಗಿ ಮೂರು ವರ್ಷದವನು. ಅವರು ಹೇಳುವುದನ್ನು ಅರ್ಧಕ್ಕೇ ತಡೆದು, ವಿವಾಹ ಸಂಸ್ಕಾರದ ಬಗ್ಗೆ ಧರ್ಮಸಭೆ ಏನು ಬೋಧಿಸುತ್ತದೆ ಎಂಬುದನ್ನು ಅರ್ಧ ಗಂಟೆ ವಿವರಿಸಿದೆ. ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಬಟ್ಟೆ ಒಳ್ಳೆಯದೇ. ಆದರೆ ಅದು ಅವರ ಕಣ್ಣೀರಿನಲ್ಲಿ ಒಂದು ರಾತ್ರಿಯೂ ನೆನೆದಿರಲಿಲ್ಲ. ಆಕೆ ಹೊರಡುವಾಗ, "ಆಯ್ತು ಫಾದರ್" ಎಂದಷ್ಟೇ ಹೇಳಿದರು. ಮುಂದಿನ ತಿಂಗಳು ತವರಿಗೆ ಹೋದವರು ಹಿಂದಿರುಗಲಿಲ್ಲ. ನನ್ನ ಮಾತಿನಿಂದಲೇ ಹಾಗಾಯಿತೆಂದು ಹೇಳಲಾರೆ. ಆಗಲಿಲ್ಲವೆಂದೂ ಹೇಳಲಾರೆ.

ಸಂದೇಹದಲ್ಲಿರುವವರಿಗೆ ಸಲಹೆ ಕೊಡುವುದು ಆತ್ಮಸಂಬಂಧವಾದ ದಯಾಕಾರ್ಯಗಳಲ್ಲಿ ಒಂದು, ಬಟ್ಟೆಯಿಲ್ಲದವರಿಗೆ ಉಡಿಸುವುದು ಶರೀರಸಂಬಂಧವಾದ ದಯಾಕಾರ್ಯಗಳಲ್ಲಿ ಒಂದು ಎಂದು ನಾವು ಧರ್ಮೋಪದೇಶದಲ್ಲಿ ಕಲಿತಿದ್ದೇವೆ. ಆ ಕೊಠಡಿಯಲ್ಲಿ ಇವೆರಡೂ ಒಟ್ಟಿಗೆ ನಡೆಯುತ್ತವೆ. ಮತ್ತು ಅಲ್ಲಿ ಸಲಹೆ ಕೊಡುವ ರೀತಿಯನ್ನು ಗಮನಿಸಬೇಕು. ಯಾರೂ ದೂರದಿಂದ ಹೇಳುವುದಿಲ್ಲ. ಮೊದಲು "ಕೊಡಿ ಇಲ್ಲಿ" ಎಂದು ಬಟ್ಟೆಯನ್ನು ಮಡಿಲಿಗೆ ತೆಗೆದುಕೊಳ್ಳುತ್ತಾರೆ, ಒಳಮಗ್ಗುಲನ್ನು ತಿರುಗಿಸಿ ನೋಡುತ್ತಾರೆ, ಹರಕಿನ ಸುತ್ತ ಬಟ್ಟೆ ಎಲ್ಲಿಯವರೆಗೆ ನವೆದಿದೆ ಎಂದು ಬೆರಳಿಂದ ಹುಡುಕುತ್ತಾರೆ. ತೂತಿನಷ್ಟೇ ದೊಡ್ಡ ತೇಪೆ ಸಾಲದು, ಗಟ್ಟಿ ಬಟ್ಟೆ ಸಿಗುವವರೆಗೂ ಅದು ಚಾಚಿಕೊಳ್ಳಬೇಕಂತೆ. ಸಂತ ಥಾಮಸ್ ಅಕ್ವಿನಾಸರು ವಿವೇಕವೆಂಬ ಸದ್ಗುಣವನ್ನು ವಿವರಿಸುವಾಗ, ಇತರರಿಂದ ಕಲಿಯುವ ವಿನಯವೂ ಅದರ ಒಂದು ಅಂಗವೆನ್ನುತ್ತಾರೆ. ಬದುಕಿನ ಸಂಗತಿಗಳು ಎಣಿಸಲಾರದಷ್ಟು ವಿಧವಾಗಿರುವುದರಿಂದ ಯಾರೊಬ್ಬರಿಗೂ ತಮ್ಮ ಬುದ್ಧಿಯೊಂದೇ ಸಾಲದು, ಹಿರಿಯರ ಅನುಭವ ಬೇಕು ಎಂಬುದು ಅವರ ವಾದ. ಇದನ್ನು ನಾನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೆ.

ಹೊಲಿಯುವ ಕೈಗೆ ಪವಿತ್ರ ಗ್ರಂಥದಲ್ಲಿ ದೊಡ್ಡ ಗೌರವವಿದೆ. ಪ್ರೇಷಿತರ ಕಾರ್ಯಕಲಾಪಗಳ ಒಂಬತ್ತನೆಯ ಅಧ್ಯಾಯದಲ್ಲಿ ಜೊಪ್ಪ ಊರಿನ ತಬಿಥಾ ಸತ್ತಾಗ, ಸಂತ ಪೇತ್ರರ ಸುತ್ತ ನೆರೆದ ವಿಧವೆಯರು ಆಕೆಯ ಗುಣಗಾನವನ್ನು ಮಾತಿನಲ್ಲಿ ಮಾಡಲಿಲ್ಲ. ಆಕೆ ತಮ್ಮೊಂದಿಗಿದ್ದಾಗ ಮಾಡಿಕೊಟ್ಟ ಅಂಗಿಗಳನ್ನೂ ಮೇಲುಡುಗೆಗಳನ್ನೂ ಅಳುತ್ತಾ ತೋರಿಸಿದರು. ತಬಿಥಾ ಆಡಿದ ಒಂದು ಮಾತನ್ನೂ ಸಂತ ಲೂಕರು ದಾಖಲಿಸಿಲ್ಲ. ಬಟ್ಟೆಗಳೇ ಸಾಕ್ಷಿ ನುಡಿದವು.

ನಮ್ಮ ನಾಡಿನಲ್ಲೇ ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ತಾಯಂದಿರು ಮನೆಯವರು ಉಟ್ಟು ಹಳತಾದ ಬಟ್ಟೆಗಳಿಂದ ಕೌದಿ ಹೊಲಿಯುತ್ತಾರೆ. ಅವರಲ್ಲಿ ಅನೇಕರು ಕಥೋಲಿಕರು, ಕೆಲವರ ಕೌದಿಗಳಲ್ಲಿ ಶಿಲುಬೆಯ ಆಕಾರದ ತುಂಡುಗಳಿರುತ್ತವೆ. ಹೊಲಿಗೆ ಅಂಚಿನಿಂದ ಶುರುವಾಗಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತದೆ. ಮೂಲೆಗಳಿಗೆ ಬಟ್ಟೆಯನ್ನು ಮಡಿಸಿ ಮಾಡಿದ ಹೂವನ್ನಿಟ್ಟರೇನೇ ಅದು ಪೂರ್ತಿಯಾಯಿತೆಂದು ಲೆಕ್ಕ. ಅಂಚಿನಿಂದ ಶುರುವಾಗುವ ಹೊಲಿಗೆ! ನಮ್ಮ ಕೊಠಡಿಯಲ್ಲಿ ನಾವು ಮರೆತದ್ದು ಅಂಚನ್ನೇ.

ನಮ್ಮ ಚರ್ಚಿನ ಹಿಂದಿನ ಬೀದಿಯಲ್ಲಿ ಗಂಡನನ್ನು ಕಳೆದುಕೊಂಡ ಒಬ್ಬ ತಾಯಿ ಹೊಲಿಗೆಯಿಂದಲೇ ಇಬ್ಬರು ಮಕ್ಕಳನ್ನು ಓದಿಸುತ್ತಿದ್ದಾರೆ. ಸೀರೆಗೆ ಫಾಲ್ಸ್, ಜಿಗ್‌ಜಾಗ್, ರವಿಕೆ, ಜೂನ್ ತಿಂಗಳಲ್ಲಿ ಶಾಲೆಯ ಸಮವಸ್ತ್ರ, ಇವೇ ಅವರ ಅನ್ನ. ಆಕೆ ಕೆಲವು ವಾರಗಳಿಂದ ಎರಡನೆಯ ಪೂಜೆಗೆ ಬರುತ್ತಿರಲಿಲ್ಲ. ಮೈ ಸರಿಯಿಲ್ಲವೇನೋ ಎಂದು ಮನೆಗೆ ಹೋದೆ. ಚಾ ಕೊಟ್ಟರು, ಮಕ್ಕಳ ಅಂಕಪಟ್ಟಿ ತೋರಿಸಿದರು. ಏಳುವ ಹೊತ್ತಿಗೆ ನೆಲ ನೋಡುತ್ತಾ ಹೇಳಿದರು: "ಫಾದರ್, ಬೇಜಾರು ಮಾಡ್ಕೋಬೇಡಿ. ಈ ಸಲ ಜೂನಲ್ಲಿ ನನಗೆ ಬಂದದ್ದು ನಾಲ್ಕು ಸಮವಸ್ತ್ರ. ಫಾಲ್ಸ್ ಅಂತೂ ಯಾರೂ ತರಲ್ಲ. ಎಲ್ಲಾ ಚರ್ಚಲ್ಲೇ ಪುಕ್ಕಟೆ ಆಗುತ್ತಲ್ಲ."

1924ರಲ್ಲಿ ಗಾಂಧೀಜಿಯವರನ್ನು ಯಂತ್ರಗಳ ಕುರಿತು ಪ್ರಶ್ನಿಸಿದಾಗ, ಜನರ ಕೆಲಸ ಕಸಿಯುವ ಯಂತ್ರಗಳನ್ನು ವಿರೋಧಿಸಿದ ಅವರೇ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟರು. ನಮ್ಮಲ್ಲಿ ಆ ತಾಯಿಯ ಅನ್ನ ಕಸಿದದ್ದು ಯಂತ್ರವಲ್ಲ, ನಮ್ಮ ದಯೆ. ಅದನ್ನು ನಾನು ಪೀಠದಿಂದ ಎರಡು ಸಲ ಹೊಗಳಿಯೂ ಇದ್ದೆ.

ಮುಂದಿನ ಭಾನುವಾರ ಹೆಸರು ಹೇಳದೆ ವಿಷಯವನ್ನು ಕೊಠಡಿಯಲ್ಲಿಟ್ಟೆ. ಹೆಸರು ಹೇಳುವ ಅಗತ್ಯವಿರಲಿಲ್ಲ, ಎಲ್ಲರಿಗೂ ಗೊತ್ತಾಯಿತು. ಕೆಲವರು ತಲೆ ತಗ್ಗಿಸಿದರು. ಒಬ್ಬರು ನೇರವಾಗಿ ಕೇಳಿದರು: "ನಮ್ಮ ಮನೇಲೂ ಕಷ್ಟ ಇದೆ ಫಾದರ್. ನಾವೇ ಕಲಿತು ನಾಲ್ಕು ಕಾಸು ಉಳಿಸಿಕೊಂಡರೆ ಅದು ಪಾಪವಾ?" ಪಾಪವಲ್ಲ. ಆ ಪ್ರಶ್ನೆ ನ್ಯಾಯವಾದದ್ದು, ಅದಕ್ಕೆ ನನ್ನಲ್ಲಿ ಸಿದ್ಧ ಉತ್ತರವಿರಲಿಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಶ್ರೀಸಾಮಾನ್ಯರ ಪ್ರೇಷಿತಕಾರ್ಯದ ಕುರಿತು ಹೊರಡಿಸಿದ ಆಜ್ಞಾಪತ್ರದಲ್ಲಿ, ನ್ಯಾಯವಾಗಿ ಸಲ್ಲಬೇಕಾದದ್ದನ್ನು ದಾನವೆಂಬಂತೆ ಕೊಡಬಾರದು ಎಂದು ಎಚ್ಚರಿಸುತ್ತದೆ. ಧರ್ಮೋಪದೇಶಕಾಂಡದ ಇಪ್ಪತ್ತನಾಲ್ಕನೆಯ ಅಧ್ಯಾಯದಲ್ಲಿ ದೇವರು, ಹೊಲದಲ್ಲಿ ಮರೆತ ಸಿವುಡನ್ನು ತರಲು ಹಿಂದಿರುಗಬೇಡ, ಅದು ಪರದೇಶಿಗೂ ಅನಾಥನಿಗೂ ವಿಧವೆಗೂ ಇರಲಿ ಎನ್ನುತ್ತಾರೆ. ಹೊಲ ನಮ್ಮದೇ, ದುಡಿಮೆ ನಮ್ಮದೇ. ಆದರೂ ಕಡೆಯ ಕಾಳಿನವರೆಗೆ ಬಳಿದುಕೊಳ್ಳುವ ಹಕ್ಕು ನಮಗಿಲ್ಲ. ಇಷ್ಟನ್ನು ಹೇಳಿ ಸುಮ್ಮನಾದೆ. ಕೋರಾ ಬಟ್ಟೆಯ ನೆನಪಿತ್ತು.

ತೀರ್ಮಾನವನ್ನು ಅವರೇ ಮಾಡಿದರು, ಎರಡು ವಾರ ವಾದ ಮಾಡಿ. ಹರಿದದ್ದು, ಬಿಚ್ಚಿದ್ದು, ಗಿಡ್ಡವಾದದ್ದು ಕೊಠಡಿಯಲ್ಲಿ. ಹೊಸ ರವಿಕೆ, ಸಮವಸ್ತ್ರ, ಫಾಲ್ಸ್, ಜಿಗ್‌ಜಾಗ್ ಆಕೆಯ ಮನೆಗೆ. ಕಟಿಂಗ್ ಕಲಿಯಬಯಸುವವರು ತಿಂಗಳಿಗೊಮ್ಮೆ ಆಕೆಯನ್ನು ಕರೆದು, ಆ ದಿನದ ಕೂಲಿ ಕೊಟ್ಟು ಕಲಿಯುವುದು. "ಕಲಿಸೋಕೂ ದುಡ್ಡಾ?" ಎಂಬ ಗೊಣಗಾಟವಿತ್ತು. ಕೊರಿಂಥದಲ್ಲಿ ಸಂತ ಪೌಲರು ಅಕ್ವಿಲ, ಪ್ರಿಸಿಲ್ಲರ ಮನೆಯಲ್ಲಿದ್ದು ಅವರೊಂದಿಗೆ ಡೇರೆ ಮಾಡುವ ಕಸುಬಿನಿಂದ ಜೀವಿಸಿದರೆಂದೂ, ಕೆಲಸಗಾರನು ಕೂಲಿಗೆ ಯೋಗ್ಯನೆಂದು ಯೇಸುಸ್ವಾಮಿಯೇ ಹೇಳಿದ್ದಾರೆಂದೂ ನೆನಪಿಸಿದವರು ನಾನಲ್ಲ, ಆ ಅಜ್ಜಿ. ಮೊದಲು ಪ್ರಶ್ನೆ ಕೇಳಿದ ತಾಯಿ ಮಾತ್ರ ಈಗ ಬರುತ್ತಿಲ್ಲ. ಅವರ ಮನೆಗೂ ಹೋಗಬೇಕು. ಹೋಗಿ ಮೊದಲು ಕೇಳಿಸಿಕೊಳ್ಳಬೇಕು.

ಕಳೆದ ಭಾನುವಾರ ಹಿಂದಿನ ಬೀದಿಯ ತಾಯಿ ಮೊದಲ ಸಲ ಕೊಠಡಿಗೆ ಬಂದರು. ಹೆಗಲಿಗೆ ಟೇಪು, ಕೈಯಲ್ಲಿ ದೊಡ್ಡ ಕತ್ತರಿ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅಜ್ಜಿ ಸರಿದು ಬೆಂಚಿನಲ್ಲಿ ಜಾಗ ಬಿಟ್ಟರು. ಆಕೆ ಕೂತು ಸುತ್ತ ನೋಡಿದರು. ಬಾಗಿಲಲ್ಲಿ ನಿಂತಿದ್ದ ನನ್ನ ನಿಲುವಂಗಿಯ ಮೊಣಕಾಲಿನ ಮೇಲೆ ಅವರ ಕಣ್ಣು ನಿಂತಿತು.

"ತೇಪೆ ಬಟ್ಟೆ ಸರಿಯಾಗಿದೆ. ಹೊಲಿದದ್ದು ಯಾರು?"

"ನಾನೇ" ಎಂದೆ, ಸ್ವಲ್ಪ ಹೆಮ್ಮೆಯಿಂದ.

"ನಾಳೆ ಮನೆಗೆ ಕಳಿಸಿ ಫಾದರ್. ಬಿಚ್ಚಬೇಕು."